ಕೊಂಡಮ್ಮನ ಮೊಮ್ಮಗನಿಗೆ ವಯಸ್ಸೆಷ್ಟು?

ಗಡಿಯೂರು ಕೆಲಮಂಗಲದ ಬಸ್‌ಸ್ಟ್ಯಾಂಡಿನ ಎದುರಿಗೆ, ಬೇಕರಿಗೂ ಗೊಬ್ಬರದ ಅಂಗಡಿಗೂ ನಡುವೆ ಇರುಕಿಕೊಂಡ ಹಾಗಿರುವ ಮೊಬೈಲ್ ಅಂಗಡಿ ಸುಗುಣಾಳದು. ಒಳಗೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬಿಸಿಲಲ್ಲಿ ಕಾಯಬೇಕು. ಅಷ್ಟು ಇಕ್ಕಟ್ಟಾದರೂ ಮೂರು ಭಾಷೆಗೆ ಅಲ್ಲಿ ಧಾರಾಳವಾಗಿ ಜಾಗವಿತ್ತು. ರೀಚಾರ್ಜಿಗೆ ಬಂದವರು ಕನ್ನಡದಲ್ಲಿ ಮಾತು ಶುರುಮಾಡಿ, ತೆಲುಗಿನಲ್ಲಿ ಚೌಕಾಸಿ ನಡೆಸಿ, ಜಗಳ ಬಂದರೆ ತಮಿಳಿಗೆ ಇಳಿಯುತ್ತಿದ್ದರು. ಸುಗುಣಾ ಮೂರಕ್ಕೂ ನಗುತ್ತಲೇ ಉತ್ತರ ಕೊಡುವವಳು. ಹೊಸೂರಿನ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ನಿಂತೇ ಕೆಲಸ ಮಾಡಿ ಮೊಣಕಾಲು ಸವೆಸಿಕೊಂಡು, ಕೊನೆಗೆ ಕೂತು ಮಾಡುವ ಕೆಲಸ ಒಂದಾದರೂ ಇರಲಿ ಎಂದು ಈ ಅಂಗಡಿ ಇಟ್ಟಿದ್ದಳು. ಅವಳಿಗೆ ಇದು ಬರೀ ಹೊಟ್ಟೆಪಾಡಲ್ಲ, ಯಜಮಾನಿಕೆ.

ಆದರೆ ಆವತ್ತು ಬೆಳಗ್ಗೆ ಯಜಮಾನಿಗೆ ಕೂರುವುದಕ್ಕೇ ಜಾಗವಿರಲಿಲ್ಲ. ಇದ್ದ ಒಂದು ಸ್ಟೂಲಿನ ಮೇಲೆ ಕೃಷ್ಣಗಿರಿಯಿಂದ ಬಂದ ರಘುನಾಥ್ ಕೂತಿದ್ದ. ಸಿಮ್ ಕಂಪನಿಯ ಏಜೆನ್ಸಿಯವನು. ಯಾವಾಗ ಬಂದರೂ ಹೊಸ ಆಫರಿನ ಪೋಸ್ಟರು ಅಂಟಿಸಿ, ಪಕ್ಕದ ಬೇಕರಿಯ ಬನ್ನು ತಿಂದು, ಊರ ಸುದ್ದಿಯೆಲ್ಲ ಹೇಳಿ ಹೋಗುವ ಮನುಷ್ಯ. ಈ ಸಲ ಬನ್ನಿನ ಮಾತೇ ಎತ್ತಲಿಲ್ಲ. ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಬೆರಳಾಡಿಸುತ್ತಿದ್ದ.

“ಅಕ್ಕಾ, ತಪ್ಪು ತಿಳ್ಕೋಬೇಡಿ. ಎಲ್ಲಾ ಅಂಗಡೀಲೂ ನೋಡ್ತಾ ಇದೀವಿ,” ಎಂದ. ಅವನ ಮನೆಮಾತು ಕನ್ನಡವೇ. ಓದಿದ್ದು ಮಾತ್ರ ತಮಿಳಿನಲ್ಲಿ.

ಆಗಿದ್ದಿಷ್ಟು. ಜಿಲ್ಲೆಯ ಇನ್ನೊಂದು ಕಡೆ ಯಾರೋ ಅಂಗಡಿಯವನು ಸ್ಕೂಲು ಹುಡುಗರಿಗೆ, ಯಾರ್‍ಯಾರದೋ ಗುರುತಿನ ಕಾರ್ಡು ಹಚ್ಚಿ ಕನೆಕ್ಷನ್ ಕೊಟ್ಟುಬಿಟ್ಟಿದ್ದ. ಆ ನಂಬರುಗಳು ಕೈಯಿಂದ ಕೈಗೆ ಹೋಗಿ ಮೋಸಗಾರರ ಪಾಲಾಗಿ, ಪೊಲೀಸರು ಬಂದಿದ್ದರು. ಅಂದಿನಿಂದ ಏಜೆನ್ಸಿಯವರಿಗೆ ನಿದ್ದೆಯಿಲ್ಲ. ಹದಿನೆಂಟು ತುಂಬದವರಿಗೆ ಕನೆಕ್ಷನ್ ಕೊಟ್ಟ ಅಂಗಡಿ ಸಿಕ್ಕಿದರೆ ಸಾಕು, ಅಲ್ಲೇ ನಿಂತು ಅಂಗಡಿಯ ಐಡಿ ಮುಚ್ಚಿಬಿಡಿ ಎಂದು ಮೇಲಿನವರ ಹುಕುಂ. ಐಡಿ ಹೋದರೆ ಸಿಮ್ ಇಲ್ಲ, ರೀಚಾರ್ಜು ಇಲ್ಲ. ಆಮೇಲೆ ಸುಗುಣಾ ಫೋನಿನ ಕವರು ಮಾರಿಕೊಂಡು ಕೂರಬೇಕು. ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ಚಾಪೆ ಹಾಸಿಕೊಂಡವರು ಇವಳಿಗಿಂತ ಅಗ್ಗಕ್ಕೆ ಮಾರುತ್ತಾರೆ.

“ನಮ್ಮ ಅಂಗಡೀಲಿ ಅಂಥದ್ದೇನೂ ಇಲ್ಲ ಸಾರ್. ಧಾರಾಳವಾಗಿ ನೋಡಿ,” ಎಂದಳು ಸುಗುಣಾ.

ರಘುನಾಥನ ಬೆರಳು ಒಂದು ಕಡೆ ನಿಂತಿತು. “ಈ ಮುನೀಶ್ ಯಾರಕ್ಕ? ಪೋಸ್ಟ್‌ಪೇಯ್ಡ್ ತಗೊಂಡಿದಾನೆ. ನೋಡಿದ್ರೆ ಒಂಬತ್ತನೇ ಕ್ಲಾಸು ಥರ ಇದಾನಲ್ಲ.”

ಸುಗುಣಾ ಬಗ್ಗಿ ನೋಡಿದಳು. ಕಾರ್ಡಿನ ಚಿತ್ರದಲ್ಲಿ ಮುಂದಿನ ಹಲ್ಲು ಬಿದ್ದ ಚಿಕ್ಕ ಹುಡುಗ. ಅದು ಎಂದೋ ತೆಗೆದದ್ದು, ಆ ವಯಸ್ಸಿನಲ್ಲಿ ಊರಿನ ಮಕ್ಕಳೆಲ್ಲ ಒಂದೇ ಥರ ಕಾಣುತ್ತವೆ. ಪಕ್ಕದಲ್ಲಿ ಅವಳೇ ಅಂಗಡಿಯಲ್ಲಿ ತೆಗೆದ ಚಿತ್ರ: ಬೋಳುತಲೆ, ನುಣ್ಣನೆಯ ಮುಖ, ಮೀಸೆಯ ಸುಳಿವೂ ಇಲ್ಲ, ಚಾಚಿದ ಕಿವಿ. ಕೊಡುವಾಗ ಯಾಕೋ ಹೀಗೆ ಕಂಡಿರಲಿಲ್ಲ. ಆ ಹೊತ್ತು ಅಂಗಡಿಯ ಮುಂದೆ ಸಂತೆಯ ಜನ. ಹುಡುಗ ‘ಅಕ್ಕಾ, ಫ್ಯಾಕ್ಟರಿ ಸೇರಿದೀನಿ, ನಂದೇ ನಂಬರು ಬೇಕು’ ಎಂದ. ಕಾರ್ಡಿನಲ್ಲಿದ್ದ ಹುಟ್ಟಿದ ದಿನದ ಲೆಕ್ಕಕ್ಕೆ ಹತ್ತೊಂಬತ್ತು ಆಗಿತ್ತು. ಕೊಟ್ಟಳು.

“ದೊಡ್ಡವನೇ ಸಾರ್. ಫ್ಯಾಕ್ಟರಿಗೆ ಹೋಗೋ ಹುಡುಗ.”

“ಕಾರ್ಡು ಅವನದೇ ಅಂತ ಹೇಗೆ ಹೇಳೋದು? ಈ ಕಡೆ ಮುನಿ ಅಂತ ಕೂಗಿದ್ರೆ ಬಸ್ಸಲ್ಲಿ ಅರ್ಧ ಜನ ತಿರುಗಿ ನೋಡ್ತಾರೆ.”

ಅಷ್ಟರಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಖಾಲಿ ಬುಟ್ಟಿಯೊಂದು ದೊಪ್ಪೆಂದು ಕೂತಿತು. ಅದರ ಹಿಂದೆ ಕೊಂಡಮ್ಮ. ತೋಟದ ಕೊತ್ತಂಬರಿ ಸೊಪ್ಪು ತಂದು ಬೆಳಗ್ಗೆಯೇ ಮಾರಿ ಮುಗಿಸಿ, ಬಸ್ಸಿಗೆ ಕಾಯುವ ಹೊತ್ತನ್ನು ಸುಗುಣಾಳ ಅಂಗಡಿಯಲ್ಲಿ ಕಳೆಯುವ ಮುದುಕಿ.

“ಅಮ್ಮಣ್ಣೀ, ಈ ಫೋನು ಯಾಕೋ ಮೆತ್ತಗೆ ಮಾತಾಡ್ತೈತೆ, ನೋಡು. ಬೈದ್ರೂ ಕೇಳ್ಸಾಕಿಲ್ಲ.”

“ಯಾರು ಬೈಯೋದು ಅಜ್ಜಿ?”

“ನಾನೇ, ನನ್ ಸೊಸೇನ. ಅವ್ಳಿಗೆ ಕೇಳ್ಸದೆ ಇದ್ಮೇಲೆ ಬೈದು ಏನುಪ್ಯೋಗ?”

ಸುಗುಣಾಳಿಗೆ ಹೋದ ಜೀವ ಬಂದಂತಾಯಿತು. ಮುನೀಶ ಬೇರೆ ಯಾರೂ ಅಲ್ಲ, ಇದೇ ಕೊಂಡಮ್ಮನ ಮೊಮ್ಮಗ. “ನೋಡಿ ಸಾರ್, ದೇವ್ರೇ ಕಳಿಸಿದ ಹಾಗೆ ಬಂದ್ರು. ಆ ಹುಡುಗನ ಅಜ್ಜಿ ಇವ್ರೇ. ನೀವೇ ಕೇಳಿ!” ಎಂದು ಕೊಂಡಮ್ಮನನ್ನು ಕೈಹಿಡಿದು ಒಳಗೆ ಎಳೆದುಕೊಂಡಳು.

ತಾನಾಗಿಯೇ ಹಳ್ಳ ತೋಡಿಕೊಂಡದ್ದು ಹೀಗೆ.

ರಘುನಾಥ್ ಅಜ್ಜಿಯನ್ನು ತಮಿಳಿನ ರೂಢಿಯಂತೆ ಪಾಟಿ ಎಂದು ಕರೆದು, ಮರ್ಯಾದೆಯಿಂದಲೇ ಕೇಳಿದ. “ಪಾಟಿ, ನಿಮ್ಮ ಮೊಮ್ಮಗ ಮುನೀಶ್‌ಗೆ ಈಗ ಎಷ್ಟು ವಯಸ್ಸು?”

ಕೊಂಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ವಾಚು, ತೊಡೆಯ ಮೇಲೆ ಬೆಳಗುವ ಹಲಗೆ, ಅದರೊಳಗೆ ತನ್ನ ಮೊಮ್ಮಗನ ಮುಖ. ಅವಳ ಕಣ್ಣು ಕಿರಿದಾಯಿತು.

“ಯಾತಕ್ಕೆ?”

“ಸುಮ್ನೆ ಪಾಟಿ.”

“ಸುಮ್ ಸುಮ್ನೆ ಯಾರಾನ ಮಕ್ಳ ವಯಸ್ಸು ಕೇಳ್ತಾರಾ?” ಎಂದು ಸೆರಗು ಎಳೆದುಕೊಂಡಳು. “ಅವ್ನಾ? ಅದಿನ್ನೂ ಮಗ. ಹದಿನಾರು.”

ರಘುನಾಥ್ ಸುಗುಣಾಳ ಕಡೆ ತಿರುಗಿದ.

“ಎನ್ನಕ್ಕಾ ಇದು!” ಎಂದ ರಘುನಾಥ್, ತಮಿಳಿಗೆ ಜಾರಿ.

“ಅಜ್ಜೀ, ಸರಿಯಾಗಿ ನೆನಪು ಮಾಡ್ಕೊಳ್ಳಿ. ಮುನೀಶ. ಫ್ಯಾಕ್ಟರಿಗೆ ಹೋಗ್ತಾನಲ್ಲ, ಅವನು. ಹತ್ತೊಂಬತ್ತಲ್ವಾ?”

ಸುಗುಣಾಳ ಬಿಳಚಿದ ಮುಖ ನೋಡಿ ಕೊಂಡಮ್ಮನಿಗೆ ಇನ್ನೂ ಭಯವಾಯಿತು. ಇದೇನೋ ಹುಡುಗನನ್ನು ಹಿಡಿದುಕೊಂಡು ಹೋಗುವ ಏರ್ಪಾಡೇ ಇರಬೇಕು. “ಹತ್ತೊಂಬತ್ತಾ? ನಿನ್ ಬಾಯಿಗೆ ಬೇವು ಹಾಕ! ಹದಿನಾರು ಅಂದಿದ್ದೇ ಬಾಯ್ ತಪ್ಪಿ. ಹದಿನೈದು. ಅಧಿಕ ಮಾಸ ಎಲ್ಲಾ ತೆಗುದ್ರೆ ಅದೂ ಇಲ್ಲ.”

“ಹದಿನೈದು ವರ್ಷದ ಹುಡುಗನ್ನ ಫ್ಯಾಕ್ಟರಿ ಕೆಲಸಕ್ಕೆ ಕಳಿಸ್ತೀರಾ ಪಾಟಿ? ಅದು ಬೇರೆ ಕೇಸಾಗುತ್ತೆ!”

“ಫ್ಯಾಕ್ಟ್ರಿನಾ? ಯಾವೋನ್ ಹೇಳ್ದೋನು? ಆಟಾಡೋಕೆ ಹೋಯ್ತಾನೆ.”

“ದಿನಾ ಬಸ್ ಹತ್ತಿ ಹೊಸೂರಿಗೆ ಹೋಗಿ ಆಟ ಆಡ್ತಾನಾ?”

“ಅಲ್ಲಿ ಬಯಲು ದೊಡ್ದಾಗೈತೆ.”

ಬೇರೆ ದಿನವಾಗಿದ್ದರೆ ಸುಗುಣಾ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಮುನೀಶನ ನಂಬರು ಒತ್ತಿದಳು. ಸ್ವಿಚ್ ಆಫ್. ಶಿಫ್ಟಿಗೆ ಹೋದವರ ಫೋನನ್ನು ಗೇಟಿನಲ್ಲೇ ಇಸಿದುಕೊಂಡು ಬೀಗ ಹಾಕುತ್ತಾರೆ, ಅವಳೂ ಅಲ್ಲಿ ದುಡಿದವಳೇ. ಶಿಫ್ಟು ಬಿಡುವ ತನಕ ಅವನು ಸಿಕ್ಕುವುದಿಲ್ಲ.

ರಘುನಾಥ್ ಟ್ಯಾಬಿನಲ್ಲಿ ಅವಳ ಅಂಗಡಿಯ ಹೆಸರು ತೆಗೆದ. ಅದರ ಕೆಳಗೆ ಐಡಿ ಮುಚ್ಚುವ ಕೆಂಪು ಬಟನ್ ಇತ್ತು. “ಅಕ್ಕಾ, ನನಗೂ ಬೇಜಾರೇ. ಆದ್ರೆ ಮನೆಯವರ ಬಾಯಿಂದಲೇ ಕೇಳಿಸ್ಕೊಂಡ ಮೇಲೆ ನಾನು ಸುಮ್ನಿದ್ರೆ ನನ್ನ ಕೆಲಸ ಹೋಗುತ್ತೆ.”

“ಒಂದೇ ಒಂದ್ಸಲ ಅವರ ಊರಿಗೆ ಹೋಗಿ ಬರೋಣ ಸಾರ್. ಹುಡುಗ ಮಧ್ಯಾಹ್ನ ಶಿಫ್ಟ್ ಮುಗಿಸಿ ಅಲ್ಲಿಗೇ ಬರ್ತಾನೆ. ಕಣ್ಣಾರೆ ನೋಡಿ. ಆಮೇಲೆ ಏನು ಒತ್ತಬೇಕೋ ಒತ್ತಿ. ನಾನು ತಡೆಯಲ್ಲ.”

ಅವನು ಬೇಕರಿಯ ಕಡೆ ಒಮ್ಮೆ ನೋಡಿದ. ಆಮೇಲೆ ಟ್ಯಾಬು ಬ್ಯಾಗಿಗೆ ಹಾಕಿಕೊಂಡು ಎದ್ದ.

ಶೇರ್ ಆಟೊದಲ್ಲಿ ಕೊಂಡಮ್ಮ ಇಬ್ಬರ ನಡುವೆ ಬುಟ್ಟಿ ತಬ್ಬಿಕೊಂಡು ಕೂತಳು. ದಾರಿಯುದ್ದಕ್ಕೂ ಟೊಮ್ಯಾಟೊ ತೋಟ, ಗುಲಾಬಿ ಬೆಳೆಯುವ ಬಿಳಿ ಪ್ಲಾಸ್ಟಿಕ್ ಮನೆಗಳು. ಸುಗುಣಾಳಿಗೆ ಒಂದೂ ಕಣ್ಣಿಗೆ ಬೀಳಲಿಲ್ಲ. ಹದಿನಾರೇ ಆಗಿದ್ದರೆ? ಬೇರೆ ಯಾರದೋ ಕಾರ್ಡು ತಂದು ತನ್ನ ಕಣ್ಣಿಗೆ ಮಣ್ಣೆರಚಿದ್ದರೆ? ಗಂಡ ದೇವರಾಜು ಬೈಯುವವನಲ್ಲ. ‘ಹೋಗ್ಲಿ ಬಿಡು, ಫ್ಯಾಕ್ಟರೀಲಿ ಮತ್ತೆ ಕೇಳೋಣ’ ಎನ್ನುತ್ತಾನೆ. ಆ ಮಾತು ನೆನೆದರೇ ಅವಳ ಮೊಣಕಾಲು ನೋಯತೊಡಗಿತು.

ಕೊಂಡಮ್ಮನ ಮನೆ ಊರ ಕೊನೆಯಲ್ಲಿ. ಮುಂದೆ ಅಂಗಳ, ಅಂಗಳದಲ್ಲಿ ಹಲಸಿನ ಮರ. ಇವರು ಕಾಲಿಡುವುದೇ ತಡ, ಕೋಳಿಗಳು ದಿಕ್ಕುದಿಕ್ಕಿಗೆ ಚದುರಿದವು: ಮೊಟ್ಟೆ ಇಡುವವು, ಕಾವಿಗೆ ಕೂರುವವು, ಬುಟ್ಟಿಯಡಿಯಿಂದ ಹೊರಬಿದ್ದ ಮರಿಗಳ ಒಂದು ದೊಡ್ಡ ದಂಡು. ಕೊಂಡಮ್ಮ ಜಗಲಿಯ ಮೇಲೆ ಚಾಪೆ ಹಾಸಿ ನೀರು ತಂದುಕೊಟ್ಟಳು. ಎಷ್ಟೇ ಅನುಮಾನವಿದ್ದರೂ ಮನೆಗೆ ಬಂದವರು ಬಂದವರೇ.

ರಘುನಾಥನಿಗೆ ಸುಮ್ಮನೆ ಕೂತು ರೂಢಿಯಿಲ್ಲ. “ಪರವಾಯಿಲ್ಲ ಪಾಟಿ, ಚೆನ್ನಾಗಿ ಕೋಳಿ ಸಾಕಿದೀರಿ. ಎಷ್ಟಿವೆ?” ಎಂದ.

“ಎಲ್ಲಿ ನಾಯ್ನಾ, ಎರಡೋ ಮೂರೋ.”

ಅವನ ಕಾಲ ಮೇಲೆಯೇ ನಾಲ್ಕು ಮರಿ ಹಾದುಹೋದವು. ಅವನು ತಲೆ ಕೆರೆದುಕೊಂಡು ಮೇಲೆ ನೋಡಿದ. ಬುಡದಿಂದ ತುದಿಯವರೆಗೆ ಮರ ಕಾಯಿ ಹೊತ್ತು ನಿಂತಿತ್ತು. “ಹಲಸು ಈ ವರ್ಷ ಜೋರು.”

“ಜೋರೆಲ್ಲಿ ಬಂತು? ಈ ವರ್ಸ ಕಾಯೇ ಕಚ್ಚಿಲ್ಲ.”

ಸುಗುಣಾ ಕುಡಿಯುತ್ತಿದ್ದ ನೀರಿನ ಚೊಂಬನ್ನು ಕೆಳಗಿಟ್ಟಳು. ಯಾರೋ ತಲೆಯೊಳಗೆ ದೀಪ ಹಾಕಿದಂತಾಯಿತು. ಅವಳ ತವರಿನಲ್ಲಿ ಹಸು ಬಿಂದಿಗೆ ತುಂಬ ಹಾಲು ಕೊಡುತ್ತಿತ್ತು. ಯಾರು ಕೇಳಿದರೂ ಅವಳಮ್ಮ ‘ಕರುವಿಗೇ ಸಾಲದು’ ಎನ್ನುತ್ತಿದ್ದಳು. ಇವಳು ಹುಡುಗಿಯಾಗಿದ್ದಾಗ ಒಮ್ಮೆ ನೆಂಟರ ಮುಂದೆ ಇದ್ದಷ್ಟು ಇದ್ದಂತೆ ಹೇಳಿ, ಅವರು ಹೋದ ಮೇಲೆ ಬೆನ್ನ ಮೇಲೆ ಎರಡು ತಿಂದಿದ್ದಳು. ಇದ್ದದ್ದನ್ನು ಇದ್ದಷ್ಟು ಹೇಳಬಾರದು, ಕಣ್ಣು ಬೀಳುತ್ತದೆ. ಕೋಳಿಯ ಲೆಕ್ಕವೇ ಹೀಗಿದ್ದರೆ ವಂಶಕ್ಕೊಬ್ಬ ಮೊಮ್ಮಗನ ಲೆಕ್ಕ ಹೇಗಿರಬೇಡ! ಅಂಗಡಿ ಇಟ್ಟ ಮೇಲೆ ಅವಳಿಗೆ ವಯಸ್ಸೆಂದರೆ ಕಾರ್ಡಿನಲ್ಲಿ ಇರುವುದು ಎಂದಾಗಿಹೋಗಿತ್ತು. ಅಮ್ಮನ ಪಾಠವೆಲ್ಲ ಮರೆತೇಹೋಗಿತ್ತು.

ಅವಳು ರಘುನಾಥನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಅವನು ಒಮ್ಮೆ ಕೋಳಿಗಳನ್ನು, ಒಮ್ಮೆ ಹಲಸಿನ ಮರವನ್ನು ನೋಡಿದ.

“ಇರಬಹುದು ಅಕ್ಕ. ಆದ್ರೆ ನಾನು ಆಫೀಸಿಗೆ ಏನಂತ ಹೇಳ್ಲಿ? ದೃಷ್ಟಿ ಆಗುತ್ತೆ ಅಂತಾನಾ?”

ಸುಗುಣಾ ಕೊಂಡಮ್ಮನ ಪಕ್ಕ ಹೋಗಿ ಕೂತಳು. “ಅಜ್ಜಿ, ನನ್ನ ಅಂಗಡಿ ಉಳಿಸಿ. ಇರೋ ವಯಸ್ಸು ಹೇಳಿಬಿಡಿ. ಅವರು ಯಾರನ್ನೂ ಹಿಡ್ಕೊಂಡು ಹೋಗಕ್ಕೆ ಬಂದಿಲ್ಲ.”

ಕೊಂಡಮ್ಮ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಮುಖ ತಿರುಗಿಸಿದಳು. “ಹೇಳಿದ್ನಲ್ಲಾ. ಮತ್ತೆ ಮತ್ತೆ ಕೇಳಿದ್ರೆ ಹದಿನಾಲ್ಕು ಅಂತೀನಿ.”

ಇನ್ನೂ ಕೇಳಿದರೆ ಮೊಮ್ಮಗ ತೊಟ್ಟಿಲಿಗೆ ಬರುವುದು ಖಂಡಿತ ಎಂದುಕೊಂಡು ಸುಗುಣಾ ಬಾಯಿ ಮುಚ್ಚಿದಳು.

ಪಕ್ಕದ ಮನೆಯ ಗೋಡೆಯ ಮೇಲೆ ಒಂದು ತಲೆ ಕಾಣಿಸಿತು. ಅಶ್ವತ್ಥಮ್ಮ. ಹಳ್ಳಿಯಲ್ಲಿ ಇಸ್ತ್ರಿ ಅಂಗಿಯ ಗಂಡಸು ಜಗಲಿಯ ಮೇಲೆ ಕೂತರೆ ಪಕ್ಕದ ಮನೆಯವರು ಬಗ್ಗಿ ನೋಡದೆ ಇರುತ್ತಾರೆಯೇ? ಸುಗುಣಾ ಎದ್ದು ಗೋಡೆಯ ಹತ್ತಿರ ಹೋದಳು.

“ಅಕ್ಕಾ, ಈ ಮುನೀಶನಿಗೆ ವಯಸ್ಸೆಷ್ಟು?”

ಅಶ್ವತ್ಥಮ್ಮ ಕೊಂಡಮ್ಮನ ಕಡೆ ಕಳ್ಳನೋಟ ಹಾಕಿದಳು. “ಅವ್ರ ಮನೆ ಮಗ ಕಣಮ್ಮ. ನಾನ್ಯಾಕೆ ಹೇಳ್ಲಿ? ನಾಳೆ ಅದಕ್ಕೊಂದು ತಲೆನೋವು ಬಂದ್ರೆ ನನ್ ಮೇಲೆ ಬತ್ತದೆ.”

ಅವಳ ಹಿಂದೆ, ಆ ಮನೆಯ ಜಗಲಿಯ ಮೇಲೆ ಒಬ್ಬ ಹುಡುಗಿ ಪುಸ್ತಕ ಹಿಡಿದುಕೊಂಡು ಕೂತಿದ್ದಳು. ಸುಗುಣಾಳ ಕಣ್ಣು ಅಲ್ಲಿಗೆ ಹೋಯಿತು. ಅಮ್ಮನ ಪಾಠದ ಇನ್ನೊಂದು ಅರ್ಧ ಈಗ ನೆನಪಾಯಿತು: ತನ್ನ ಮನೆಯದನ್ನು ಯಾರೂ ಪೂರ್ತಿ ಹೇಳುವುದಿಲ್ಲ, ಆದರೆ ಪಕ್ಕದ ಮನೆಯವರು ಕಮ್ಮಿ ಹೇಳಿದರೆ ತಡೆದುಕೊಳ್ಳುವುದೂ ಇಲ್ಲ.

“ಹೋಗ್ಲಿ ಬಿಡಿ ಅಕ್ಕ. ಅದು ನಿಮ್ಮ ಮಗಳಾ? ಮುನೀಶನಿಗಿಂತ ತುಂಬ ದೊಡ್ಡವಳು ಅಲ್ವಾ?”

“ನಮ್ ಸೆಲ್ವಿನಾ! ದೊಡ್ಡೋಳಾ!” ಅಶ್ವತ್ಥಮ್ಮನ ಕೈ ಎದೆಯ ಮೇಲೆ ಹೋಯಿತು. “ಅಯ್ಯೋ, ಕಣ್ಣು ಸರ್ಯಾಗಿ ಬಿಟ್ಟು ನೋಡಮ್ಮ. ಅದಿನ್ನೂ ಎಳೇದು. ಹದಿನೇಳು.”

ಜಗಲಿಯ ಮೇಲಿಂದ ಕೊಂಡಮ್ಮನ ಮೂಗು ‘ಹುಂ’ ಎಂದಿತು.

“ಏನತ್ತೆ, ಹುಂ ಅಂತೀಯ?”

“ಏನಿಲ್ಲ ಕಣೇ. ಆಚೆ ವರ್ಸ ಕೇಳ್ದಾಗ್ಲೂ ಹದಿನೇಳು, ಹೋದ ವರ್ಸ್ವೂ ಹದಿನೇಳು. ನಿನ್ ಮಗ್ಳಿಗೆ ಉಗಾದಿನೇ ಬರಾಕಿಲ್ವಾ ಅಂತ.”

“ನೋಡತ್ತೆ, ನನ್ ಮಗ್ಳ ಸುದ್ದಿ ನಿನಗ್ಯಾಕೆ?”

“ಸುದ್ದಿ ಅಲ್ಲ, ನಿಜ! ಕಾಲೇಜು ಸೇರಿ ಎಷ್ಟು ದಿನ ಆಯ್ತು ಅವ್ಳು? ಹದಿನೇಳಂತೆ, ಹದಿನೇಳು! ಹತ್ತೊಂಬತ್ತು ತುಂಬಿ ಹೋಗೈತೆ!”

“ಅತ್ತೇ!” ಅಶ್ವತ್ಥಮ್ಮ ಗೋಡೆಯ ಮೇಲೆ ಅರ್ಧ ಹತ್ತಿಯೇಬಿಟ್ಟಳು. “ನಮ್ ಸೆಲ್ವಿಗೆ ಹತ್ತೊಂಬತ್ತು ತುಂಬಿದ್ರೆ ನಿನ್ ಮೊಮ್ಮಗ್ನಿಗೆ ತುಂಬಿಲ್ವಾ? ಅವನು ಹುಟ್ಟಿ ತಿಂಗ್ಳಾದ್ಮೇಲಲ್ವಾ ಇವ್ಳು ಹುಟ್ಟಿದ್ದು? ನಿನ್ ಸೊಸೆಗೆ ಹಾಲು ಸಾಲ್ದೆ ಮಗ ಬಡಕೊಳ್ತಿದ್ರೆ, ಒಂದು ಕಡೆ ಇವ್ಳನ್ನ, ಒಂದು ಕಡೆ ಅವ್ನನ್ನ ಹಾಕ್ಕೊಂಡು ಹಾಲು ಕೊಟ್ಟೋಳು ನಾನು! ನನ್ ಹತ್ರ ಲೆಕ್ಕ ಹೇಳ್ತೀಯಾ? ಅವ್ನೂ ಹತ್ತೊಂಬತ್ತೇ! ಇವ್ಳಿಗಿಂತ ದೊಡ್ಡೋನು!”

ಹೇಳಿ ಮುಗಿಸಿದ ಮೇಲೆ ಅವಳಿಗೇ ತಾನು ಹೇಳಿದ್ದು ಕೇಳಿಸಿತು. ಬಾಯಿ ಮೇಲೆ ಕೈಯಿಟ್ಟುಕೊಂಡಳು. ಕೊಂಡಮ್ಮನೂ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಜಗಲಿಯ ಮೇಲಿದ್ದ ಸೆಲ್ವಿ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದಳು.

ಸುಗುಣಾ ರಘುನಾಥನ ಕಡೆ ತಿರುಗಿದಳು. ಅವನು ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದ. ತಡೆಯಲಾಗದೆ ಕೊನೆಗೆ ಒಂದೇ ಸಲ ‘ಹೋ’ ಎಂದು ನಕ್ಕುಬಿಟ್ಟ.

ಕೊಂಡಮ್ಮ ಮಾತ್ರ ನಗಲಿಲ್ಲ. ಕಂಬಕ್ಕೆ ಒರಗಿ ಕೂತು, ಸುಗುಣಾಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹಸಿ ಕೊತ್ತಂಬರಿಯ ವಾಸನೆ ಅವಳ ಬೆರಳಲ್ಲಿತ್ತು.

“ಅವನಿಗಿಂತ ಮುಂಚೆ ಎರಡು ಹೋಗ್ಬುಟ್ವು ಕಣಮ್ಮ. ಒಂದು ತೊಟ್ಲಲ್ಲೇ, ಇನ್ನೊಂದು ನಡೆಯೋಕೆ ಕಲ್ತ ಮೇಲೆ. ಹೋದೋರು ಬಂದೋರೆಲ್ಲಾ ಕೇಳೋರು, ನಾನು ಕುಣ್ಕೊಂಡು ಹೇಳೋಳು: ಇಷ್ಟು ತಿಂಗ್ಳು ಆಯ್ತು, ಇಷ್ಟು ವರ್ಸ ಆಯ್ತು ಅಂತ. ಇವ್ನು ಹುಟ್ಟಿದ್ಮೇಲೆ ಬಾಯಿಗೆ ಬೀಗ ಹಾಕ್ಕೊಂಡೆ. ಉಳ್ಕೊಂಡ. ಈಗ ನೀವು ಬಂದು ಹೇಳು ಅಂದ್ರೆ ಯಾವ್ ಬಾಯಲ್ಲಿ ಹೇಳ್ಲಿ?”

ಸುಗುಣಾ ಆ ಒರಟು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ರಘುನಾಥನ ನಗುವೂ ತಣ್ಣಗಾಯಿತು. ಅವನು ಟ್ಯಾಬನ್ನು ಮುಚ್ಚಿ ಪಕ್ಕಕ್ಕಿಟ್ಟು, “ಇರಲಿ ಪಾಟಿ. ನೀವು ಹೇಳೋದು ಬೇಡ. ಹುಡುಗ ಬರ್ಲಿ, ಅವನೇ ಹೇಳ್ತಾನೆ,” ಎಂದ.

ಮಧ್ಯಾಹ್ನದ ಬಸ್ಸು ಊರ ಬಾಗಿಲಲ್ಲಿ ಹಾರನ್ ಹೊಡೆಯಿತು. ಸ್ವಲ್ಪ ಹೊತ್ತಿಗೆ ನೀಲಿ ಯೂನಿಫಾರ್ಮಿನ ಮುನೀಶ, ಎಳನೀರು ಕಾಯಿಯಂತಿದ್ದ ತಲೆಯ ಮೇಲೆ ಈಗಷ್ಟೇ ಕೂದಲು ಮೊಳೆಯುತ್ತ, ತುಟಿಯ ಮೇಲೆ ಮೀಸೆ ಕರಿಗೆರೆಯಾಗಿ ಚಿಗುರುತ್ತ, ಅಂಗಳಕ್ಕೆ ಬಂದ. ಜಗಲಿಯ ಮೇಲೆ ಸುಗುಣಕ್ಕ, ಗುರುತಿಲ್ಲದ ಗಂಡಸು, ಗೋಡೆಯ ಮೇಲೆ ಅಶ್ವತ್ಥಮ್ಮ. ಒಂದು ಸಲ ಎಲ್ಲರನ್ನೂ ನೋಡಿ ಅಜ್ಜಿಯ ಕಡೆ ತಿರುಗಿದ.

“ಏನಜ್ಜಿ, ಮತ್ತೆ ನನ್ನ ಹದಿನಾರು ಮಾಡಿದ್ಯಾ?”

“ಹದಿನಾಲ್ಕರ ತನಕ ಇಳಿಸಿದಾರೆ,” ಎಂದ ರಘುನಾಥ್.

“ಅಷ್ಟೇನಾ ಸಾರ್? ಮೊನ್ನೆ ಮೊನ್ನೆವರೆಗೂ ಬಸ್ಸಲ್ಲಿ ನನಗೆ ಅರ್ಧ ಟಿಕೇಟು ಕೇಳ್ತಿದ್ಲು. ಕಂಡಕ್ಟ್ರು ನನ್ನ ಮೀಸೆ ನೋಡಿ, ‘ಇದಕ್ಕೂ ಅರ್ಧನಾ?’ ಅಂದ್ರು. ಆ ಮೀಸೇನೂ ತಲೆಕೂದ್ಲೂ ಕೆಲಸ ಸಿಕ್ಕಿದ್ದಕ್ಕೆ ದೇವ್ರಿಗೆ ಕೊಡಿಸ್ಬುಟ್ಲು. ಅದೇ ಬೋಳುತಲೇಲಿ ಬಂದು ಸುಗುಣಕ್ಕನ ಹತ್ರ ಸಿಮ್ ತಗೊಂಡೆ.”

ಜೇಬಿನಿಂದ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಟ್ಟ. ಅದರಲ್ಲಿ ಹೊಸ ಚಿತ್ರ, ಪೊದೆಗೂದಲು, ಎಣ್ಣೆ ಹಚ್ಚಿ ತಿರುವಿದ ಮೀಸೆ, ಅದೇ ಚಾಚಿದ ಕಿವಿ. ಹುಟ್ಟಿದ ದಿನವೂ ಅಂಗಡಿಗೆ ತಂದ ಕಾರ್ಡಿನಲ್ಲಿದ್ದದ್ದೇ. ರಘುನಾಥ್ ಅಂಗಳದ ಬೆಳಕಿನಲ್ಲಿ ಅವನ ಮುಖಕ್ಕೆ ಮುಖ ಹೋಲಿಸಿ ನೋಡಿದ, ಟ್ಯಾಬ್ ತೆರೆದ. ಸುಗುಣಾ ನೋಡಲು ಎದ್ದು ನಿಂತಳು. ಅವನ ಬೆರಳು ಕೆಂಪು ಬಟನ್ನನ್ನು ದಾಟಿ ಕೆಳಗೆ ಹೋಯಿತು, ಹಸಿರನ್ನು ಒತ್ತಿತು.

“ಮುಗೀತು ಅಕ್ಕ. ನಿಮ್ಮ ಅಂಗಡಿ ಮೇಲೆ ಒಂದು ಕಪ್ಪು ಚುಕ್ಕೆಯೂ ಇಲ್ಲ. ಖುದ್ದಾಗಿ ನೋಡಿದೀನಿ ಅಂತ ಹಾಕಿದೀನಿ.”

ನಿಂತಿದ್ದ ಸುಗುಣಾ ಹಾಗೆಯೇ ಜಗಲಿಯ ಮೇಲೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಸೆರಗಿನಿಂದ ಕಣ್ಣೊರೆಸಿದಳು, ಮತ್ತೆ ನಕ್ಕಳು.

“ಸಾಕು, ಸಾಕು, ಎದ್ದೇಳು,” ಎಂದು ಕೊಂಡಮ್ಮ ಚುರುಕಾದಳು. “ಅಶ್ವತ್ಥಿ, ನಿಂತ್ಕೊಂಡು ಏನ್ ನೋಡ್ತೀಯೇ? ಊರೆಲ್ಲಾ ಕೇಳೋ ಹಂಗೆ ವಯಸ್ಸು ಕಿರುಚಿದ್ಯಲ್ಲ, ಹೋಗಿ ಒಣಮೆಣ್ಸಿನಕಾಯಿ ತಗೊಂಬಾ. ಸೆಲ್ವಿನೂ ಕರ್ಕೊಂಬಾ.”

“ಮೊದ್ಲು ಕಿರುಚಿದ್ದು ಯಾರು ಅತ್ತೆ?” ಎನ್ನುತ್ತಲೇ ಅಶ್ವತ್ಥಮ್ಮ ಅಡುಗೆಮನೆಗೆ ಓಡಿದಳು.

ಮುನೀಶನನ್ನೂ ಸೆಲ್ವಿಯನ್ನೂ ಹಲಸಿನ ಮರದಡಿ ಅಕ್ಕಪಕ್ಕ ಕೂರಿಸಿ, ಕೊಂಡಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಚಟಚಟ ಎಂದಿತು. ಘಾಟು ಎದ್ದು ಎಲ್ಲರೂ ಸೀನಿದರು, ಎಲ್ಲರಿಗಿಂತ ಜೋರಾಗಿ ರಘುನಾಥ್. ಅವನಿಗೆ ಇನ್ನೂ ಅಂಗಡಿಗಳು ಬಾಕಿಯಿದ್ದವು. ಬಸ್ಸು ತಿರುಗಿ ಹೊರಡುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತ ಹೊರಟ. ಕೈಯಲ್ಲಿ ಅವನು ಬೇಡಬೇಡವೆಂದರೂ ಕೊಂಡಮ್ಮ ಹೊರಿಸಿದ ಒಂದು ಹಲಸಿನಹಣ್ಣಿತ್ತು.

ಘಾಟು ಇಳಿದ ಮೇಲೆ ಒಳಗಿನಿಂದ ಹುರುಳಿ ಸಾರಿನ ವಾಸನೆ ಬಂತು. ಬೆಳಗ್ಗೆಯಿಂದ ಹೊಟ್ಟೆ ಇರುವುದನ್ನೇ ಮರೆತಿದ್ದ ಸುಗುಣಾಳಿಗೆ ಒಮ್ಮೆಗೇ ಕಣ್ಣು ಕತ್ತಲಿಡುವಷ್ಟು ಹಸಿವಾಯಿತು.

“ಮುದ್ದೆ ಇಕ್ಕಲಾ ಅಮ್ಮಣ್ಣೀ?” ಎಂದಳು ಕೊಂಡಮ್ಮ ಒಳಗಿನಿಂದ.

“ಇಕ್ಕಿ ಅಜ್ಜಿ. ದೊಡ್ಡದೇ ಇಕ್ಕಿ,” ಎನ್ನುತ್ತ ಸುಗುಣಾ ಕೈ ತೊಳೆಯಲು ಎದ್ದಳು.